ಮಸಿ ಕೊಡವುವ ಊರು, ರಕ್ತದ ಲೆಕ್ಕ ಇಡುವ ಊರು

ದಾವಣಗೆರೆಯ ಬೇತೂರು ರಸ್ತೆಯ ನಮ್ಮ ಹಳೆಯ ಮನೆಯಲ್ಲಿ ಅವ್ವ ಬಟ್ಟೆ ಒಣಹಾಕುವ ಮುನ್ನ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಿದ್ದಳು. ಮಂಡಕ್ಕಿ ಭಟ್ಟಿಗಳ ಕಡೆಯ ಗಾಳಿಯಾದರೆ ಅಪ್ಪನ ಬಿಳಿ ಪಂಚೆಗೆ ನಡುಮನೆಯ ಹಗ್ಗವೇ ಗತಿ. ಮರೆತು ಮಹಡಿಯ ಮೇಲೆ ಹಾಕಿದ ದಿನ ಪಂಚೆಯ ತುಂಬ ಕರಿ ಎಳ್ಳು ಚೆಲ್ಲಿದ ಹಾಗೆ ಮಸಿ ಕೂತಿರುತ್ತಿತ್ತು. ಅದನ್ನು ಕೈಯಿಂದ ಒರೆಸಬಾರದು, ಒರೆಸಿದರೆ ಜಿಡ್ಡಾಗಿ ಹರಡುತ್ತದೆ. ಎರಡು ತುದಿ ಹಿಡಿದು ಕೊಡವಬೇಕು, ಉಳಿದದ್ದನ್ನು ಬಾಯಿಂದ ಊದಬೇಕು. "ಇವತ್ತು ಟೈರ್ ಹಾಕಿದ್ದಾರೆ" ಎಂದು ಅವ್ವ ಹೇಳುವಳು. ಪಂಚೆ ಮತ್ತೆ ಬೆಳ್ಳಗಾದರೆ ಆ ದಿನದ ಮಾತು ಅಲ್ಲಿಗೆ ಮುಗಿಯಿತು.

ಮಂಡಕ್ಕಿ ಎಂದರೆ ನಮ್ಮ ಊರಿನ ಜೀವ. ಅಕ್ಕಿ ಕಾದ ಮರಳಿಗೆ ಬಿದ್ದ ಕ್ಷಣ ಅರಳಬೇಕಾದರೆ ಉರಿ ಜೋರಾಗಿರಬೇಕು. ಭತ್ತದ ಹೊಟ್ಟು ಸಾಲದೆ ಬಂದಾಗ ಕತ್ತರಿಸಿದ ಹಳೆಯ ಟೈರು ಆ ಉರಿಯನ್ನು ಅಗ್ಗದಲ್ಲಿ ಕೊಡುತ್ತದೆ. ಬೆಳಗಿನ ಜಾವ ಎದ್ದು ಒಲೆಯ ಮುಂದೆ ಬೇಯುವವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆ ಹೊಗೆಯನ್ನು ನಮ್ಮೆಲ್ಲರಿಗಿಂತ ಮೊದಲು, ನಮ್ಮೆಲ್ಲರಿಗಿಂತ ಹೆಚ್ಚು ಕುಡಿಯುವವರು ಅವರೇ.

ನಾನು ಈಗ ಇರುವುದು ಜರ್ಮನಿಯ ಪಶ್ಚಿಮ ಭಾಗದ ಮ್ಯೂನ್‌ಸ್ಟರ್‌ನಲ್ಲಿ. ಓದಲು ಬಂದ ಹೊಸತರಲ್ಲಿ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಹುಡುಗ ಒಂದು ದಿನವಿಡೀ ಹೋದಲ್ಲೆಲ್ಲ ದೊಡ್ಡ ಬಾಟಲಿಯೊಂದನ್ನು ಹೊತ್ತು ತಿರುಗಿದ. ಇಪ್ಪತ್ನಾಲ್ಕು ಗಂಟೆಯ ಮೂತ್ರವನ್ನು ಅದರಲ್ಲಿ ಶೇಖರಿಸಿ ಕೊಡಬೇಕಿತ್ತು, ಜೊತೆಗೆ ರಕ್ತ. ಕಾಯಿಲೆಯೇನು ಎಂದು ಗಾಬರಿಯಿಂದ ಕೇಳಿದೆ. ಕಾಯಿಲೆಯೇನೂ ಇರಲಿಲ್ಲ. ಜರ್ಮನಿ ಎಂಬತ್ತರ ದಶಕದಿಂದ ಪರಿಸರ ಮಾದರಿ ಭಂಡಾರವೊಂದನ್ನು ನಡೆಸುತ್ತಿದೆ. ಮ್ಯೂನ್‌ಸ್ಟರ್, ಹಾಲೆ, ಗ್ರೈಫ್ಸ್‌ವಾಲ್ಡ್, ಉಲ್ಮ್ ಎಂಬ ನಾಲ್ಕು ಊರುಗಳ ಆರೋಗ್ಯವಂತ ವಿದ್ಯಾರ್ಥಿಗಳಿಂದ ವರ್ಷ ವರ್ಷವೂ ರಕ್ತ ಪಡೆದು, ಒಂದಿಷ್ಟನ್ನು ಆಗಲೇ ಪರೀಕ್ಷಿಸಿ, ಉಳಿದದ್ದನ್ನು ದ್ರವ ಸಾರಜನಕದ ಚಳಿಯಲ್ಲಿ ಕಾಪಿಡುತ್ತಾರೆ. ಇಂದು ಹೆಸರೇ ಗೊತ್ತಿಲ್ಲದ ರಾಸಾಯನಿಕವೊಂದು ಇಪ್ಪತ್ತು ವರ್ಷಗಳ ನಂತರ ಅಪಾಯಕಾರಿ ಎಂದು ತಿಳಿದರೆ ಹಿಂದಿನ ರಕ್ತವನ್ನು ತೆಗೆದು ಅದಕ್ಕಾಗಿ ಹುಡುಕಬಹುದು. ಪೆಟ್ರೋಲಿನಿಂದ ಸೀಸ ತೆಗೆದ ಮೇಲೆ ಜನರ ರಕ್ತದಲ್ಲಿ ಸೀಸ ಇಳಿಯುತ್ತ ಬಂದದ್ದನ್ನು ಅವರು ಹೀಗೆಯೇ ಕಣ್ಣಾರೆ ಕಂಡರು.

ಅಂದು ರಾತ್ರಿ ನನಗೆ ಅವ್ವ ಕೊಡವುತ್ತಿದ್ದ ಪಂಚೆಯ ನೆನಪು ಬಂತು. ಬಟ್ಟೆಯ ಮೇಲೆ ಬಿದ್ದ ಮಸಿಯನ್ನು ಕೊಡವಿದೆವು. ಉಸಿರಿನೊಂದಿಗೆ ಒಳಗೆ ಹೋದದ್ದು ಏನಾಯಿತು?

ಟೈರು ಉರಿದಾಗ ಹೊರಬರುವ ವಿಷಗಳಲ್ಲಿ ಬೆಂಜೀನ್ ಎಂಬ ರಾಸಾಯನಿಕ ಒಂದು. ದೇಹ ಸೇರಿದ ಬೆಂಜೀನನ್ನು ಪಿತ್ತಜನಕಾಂಗ ಮೊದಲು ಮಾರ್ಪಡಿಸುತ್ತದೆ, ಆ ಮಾರ್ಪಟ್ಟ ವಸ್ತುಗಳು ರಕ್ತದೊಂದಿಗೆ ಮೂಳೆಯ ಮಜ್ಜೆಗೆ ತಲುಪುತ್ತವೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೆಲ್ಲ ಹುಟ್ಟುವ ತವರು ಅದು. ಸೂಕ್ಷ್ಮಾಣುಗಳನ್ನು ಕೊಲ್ಲಲೆಂದು ಆ ಕಣಗಳು ಇಟ್ಟುಕೊಂಡಿರುವ ಕಿಣ್ವವೊಂದು ಅಲ್ಲಿ ಬೆಂಜೀನಿನ ಉಳಿಕೆಯನ್ನು ಇನ್ನಷ್ಟು ಘೋರ ವಿಷವಾಗಿಸುತ್ತದೆ. ಕಳ್ಳನಿಗೆಂದು ಇಟ್ಟ ದೊಣ್ಣೆಯ ಏಟು ಮನೆಯವರ ತಲೆಗೇ ಬೀಳುತ್ತದೆ. ಚೀನಾದ ಟಿಯಾಂಜಿನ್‌ನಲ್ಲಿ ಬೆಂಜೀನ್ ಇದ್ದ ಅಂಟು ಬಳಸಿ ಬೂಟು ತಯಾರಿಸುತ್ತಿದ್ದ 250 ಕಾರ್ಮಿಕರ ರಕ್ತವನ್ನು ಬಟ್ಟೆ ಹೊಲಿಯುವ 140 ಜನರ ರಕ್ತದೊಂದಿಗೆ ಹೋಲಿಸಿ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಮೆರಿಕದ ಕಾರ್ಖಾನೆಗಳಲ್ಲಿ ಕಾನೂನು ಒಪ್ಪುವ ಮಿತಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ ಬೆಂಜೀನ್. ಅದಕ್ಕಿಂತ ಕಡಿಮೆ ಇದ್ದ ಕಡೆ ದುಡಿದವರಲ್ಲಿಯೂ ಬಿಳಿ ಕಣಗಳು ಕಡಿಮೆಯಾಗಿದ್ದವು. ರೋಗಾಣುಗಳನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವ, ಬಿ ಕೋಶಗಳೆಂಬ ಬಿಳಿ ಕಣಗಳಿಗೆ ಪೆಟ್ಟು ಇನ್ನೂ ಜೋರಾಗಿತ್ತು. ಅವರು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದವರಲ್ಲ, ದಿನವೂ ಕೆಲಸಕ್ಕೆ ಹೋಗುತ್ತಿದ್ದವರು.

ಮಸಿಯ ಜಿಡ್ಡಿನಲ್ಲಿ ಬೆಂಜೋಪೈರೀನ್‌ನಂತಹ ವಸ್ತುಗಳೂ ಇರುತ್ತವೆ. ಇವು ಮತ್ತು ಕಸ ಉರಿದಾಗ ಹುಟ್ಟುವ ಡಯಾಕ್ಸಿನ್‌ಗಳೆಂಬ ವಿಷಗಳು ನಮ್ಮ ರೋಗನಿರೋಧಕ ಕೋಶಗಳ ಒಳಗಿರುವ ಎಎಚ್‌ಆರ್ ಎಂಬ ಪ್ರೋಟೀನಿಗೆ ಬೀಗಕ್ಕೆ ಕೀಲಿಯಂತೆ ಹೊಂದಿಕೊಳ್ಳುತ್ತವೆ. ಟಿ ಕೋಶಗಳೆಂಬ ಬಿಳಿ ಕಣಗಳಲ್ಲಿ ದಾಳಿ ಮಾಡುವವೂ ಇವೆ, ದಾಳಿ ಮಿತಿ ಮೀರದಂತೆ ತಡೆಯುವವೂ ಇವೆ. ಯಾವುದು ಯಾವ ದಾರಿ ಹಿಡಿಯಬೇಕು ಎಂಬುದರಲ್ಲಿ ಈ ಪ್ರೋಟೀನಿನ ಕೈವಾಡವಿದೆ. ಅಲ್ಲಿಗೆ ಕಳ್ಳ ಕೀಲಿ ಹೊಕ್ಕರೆ ತೂಕ ತಪ್ಪುತ್ತದೆ.

ಅಕ್ಕಿ ಗಿರಣಿಗಳ ನಡುವೆ ಬೆಳೆದವನಾದ್ದರಿಂದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. 1968ರಲ್ಲಿ ಜಪಾನಿನಲ್ಲಿ, 1979ರಲ್ಲಿ ತೈವಾನಿನಲ್ಲಿ ತೌಡೆಣ್ಣೆಗೆ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಬೆರೆತುಹೋಯಿತು. ಎಣ್ಣೆ ಕಾಯಿಸುವ ಕೊಳವೆಗಳಲ್ಲಿ ಹರಿಯುತ್ತಿದ್ದ ದ್ರವ ಸೋರಿತ್ತು. ತೈವಾನಿನಲ್ಲಿ ಆ ಎಣ್ಣೆ ತಿಂದ ತಾಯಂದಿರಿಗೆ ಆಮೇಲೆ ಹುಟ್ಟಿದ ಮಕ್ಕಳಲ್ಲಿ ಕಿವಿಯ ಸೋಂಕು, ಎದೆಯ ಸೋಂಕು ಹೆಚ್ಚಾಗಿ ಕಂಡವು. ಆ ಮಕ್ಕಳು ಒಂದು ಹನಿ ಎಣ್ಣೆಯನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ಜರ್ಮನರು ದೇವರಂಥವರು ಎಂದು ಹೇಳಲು ನಾನು ಹೊರಟಿಲ್ಲ. ಮ್ಯೂನ್‌ಸ್ಟರ್‌ನಿಂದ ದೂರವೇನೂ ಇಲ್ಲದ ಅರ್ನ್ಸ್‌ಬರ್ಗ್‌ನಲ್ಲಿ 2006ರಲ್ಲಿ ಕುಡಿಯುವ ನೀರಿನಲ್ಲೇ ಪಿಎಫ್‌ಎಎಸ್ ಎಂಬ, ಸುಲಭವಾಗಿ ನಾಶವಾಗದ ಗುಂಪಿನ ರಾಸಾಯನಿಕಗಳು ಸಿಕ್ಕವು. ಕೈಗಾರಿಕೆಯ ತ್ಯಾಜ್ಯ ಬೆರೆಸಿದ ಮಿಶ್ರಣವನ್ನು ಮಣ್ಣಿಗೆ ಹಾಕುವ ಗೊಬ್ಬರವೆಂದು ರೈತರ ಹೊಲಗಳಿಗೆ ಸುರಿಸಿದ್ದರು, ಅದು ಮಳೆಯಲ್ಲಿ ತೊಳೆದು ನದಿಗೆ ಇಳಿದಿತ್ತು. ಮೋಸ ಅಲ್ಲಿಯೂ ನಡೆಯುತ್ತದೆ. ಆದರೆ ನಂತರ ನಡೆದದ್ದನ್ನು ನೋಡಿ. ಅದೇ ವರ್ಷ ನೀರಿಗೆ ಇದ್ದಿಲಿನ ಶೋಧಕ ಕೂತಿತು. ಊರಿನ ಮಕ್ಕಳು, ತಾಯಂದಿರು, ಗಂಡಸರ ರಕ್ತ ತೆಗೆದು ಬೇರೆ ಊರುಗಳವರ ರಕ್ತದೊಂದಿಗೆ ಹೋಲಿಸಿದರು. ಆ ಗುಂಪಿನ ಪಿಎಫ್‌ಒಎ ಎಂಬ ವಸ್ತು ನಾಲ್ಕರಿಂದ ಎಂಟು ಪಟ್ಟು ಹೆಚ್ಚಿತ್ತು. ಮುಂದಿನ ವರ್ಷಗಳಲ್ಲೂ ರಕ್ತ ತೆಗೆದು, ಅದು ಇಳಿಯುತ್ತಿರುವುದನ್ನು ಖಾತ್ರಿ ಮಾಡಿಕೊಂಡರು. ಇದೇ ಗುಂಪಿನ ನಾಲ್ಕು ವಸ್ತುಗಳಿಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಸೇವನೆಯ ಸುರಕ್ಷಿತ ಮಿತಿ ಗುರುತಿಸಿತು: ದೇಹದ ತೂಕದ ಪ್ರತಿ ಕಿಲೋಗೆ ವಾರಕ್ಕೆ 4.4 ನ್ಯಾನೋಗ್ರಾಂ. ಮಿತಿಗೆ ಆಧಾರವಾಗಿ ಹಿಡಿದದ್ದು ಕ್ಯಾನ್ಸರನ್ನಲ್ಲ, ಲಸಿಕೆ ಪಡೆದ ಮಕ್ಕಳ ದೇಹದಲ್ಲಿ ಪ್ರತಿಕಾಯಗಳು ಕಡಿಮೆ ಹುಟ್ಟುವುದನ್ನು. ಅಂಗನವಾಡಿಯಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸಿ, ಅತ್ತ ಮಗುವನ್ನು ಸಮಾಧಾನಪಡಿಸುತ್ತ ಮನೆಗೆ ಬರುವ ತಾಯಿಗೆ ಆ ಮದ್ದು ಪೂರ್ತಿ ಹಿಡಿಯಿತೋ ಇಲ್ಲವೋ ಹೇಗೆ ತಿಳಿಯಬೇಕು?

ನಮ್ಮಲ್ಲಿ ಕಾನೂನು ಇಲ್ಲವೇ ಎಂದರೆ ಇದೆ. ನಮ್ಮ ದೇಶದ ಗಾಳಿಯ ಗುಣಮಟ್ಟದ ಮಾನದಂಡ 2009ರದ್ದು. ಅದರಲ್ಲಿ ಬೆಂಜೀನಿಗೆ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ಬೆಂಜೋಪೈರೀನಿಗೆ 1 ನ್ಯಾನೋಗ್ರಾಂ. ಯುರೋಪಿನವರು ಇಟ್ಟುಕೊಂಡು ಬಂದದ್ದೂ ಇವೇ ಎರಡು ಅಂಕಿಗಳು. ಇದನ್ನು ಮೊದಲ ಸಲ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅಂಕಿ ಒಂದೇ, ಆದರೆ ಅದನ್ನು ಮನುಷ್ಯನ ಮೈವರೆಗೆ ತಂದು ತಾಳೆ ನೋಡುವ ರೂಢಿ ಅಲ್ಲಿದೆ, ನಮ್ಮಲ್ಲಿ ಇಲ್ಲ. ನಾವು ಕಣ್ಣು ಮೂಗುಗಳನ್ನು ನಂಬುವವರು. ಹರಿಹರದ ಹತ್ತಿರ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕೆಟ್ಟಾಗ ಎಂಬತ್ತರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯೊಂದಿಗೆ ಜನ ಎದ್ದು ನಿಂತರು. ನೀರಿನ ಬಣ್ಣ, ವಾಸನೆ, ಸತ್ತ ಮೀನು ಅವರಿಗೆ ಸಾಕ್ಷಿಯಾಗಿದ್ದವು. ಆ ಕಣ್ಣು ಮೂಗುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಜರ್ಮನಿಯಲ್ಲಿ ಎಷ್ಟೋ ಜನ ಕಚೇರಿಯಿಂದ ಪತ್ರ ಬರುವವರೆಗೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನ ಅವ್ವ ಗಾಳಿಯ ದಿಕ್ಕನ್ನು ಬೆಳಗಾಗುತ್ತಲೇ ಹೇಳುತ್ತಿದ್ದಳು. ಆದರೆ ಬಿ ಕೋಶ ಕಡಿಮೆಯಾದರೆ ಮೂಗಿಗೆ ಬಡಿಯುವುದಿಲ್ಲ.

ದಾವಣಗೆರೆ ವೈದ್ಯಕೀಯ ಕಾಲೇಜುಗಳ ಊರು. ಜೆಜೆಎಂ ಕಾಲೇಜು 1965ರಿಂದ ವೈದ್ಯರನ್ನು ತಯಾರು ಮಾಡುತ್ತಿದೆ. ಭಟ್ಟಿ ಕಾರ್ಮಿಕರ ರಕ್ತಕಣಗಳನ್ನು ವರ್ಷಕ್ಕೊಮ್ಮೆ ಎಣಿಸಿ, ಬಿಳಿ ಕಣಗಳ ವಿಂಗಡಣೆ ಬರೆದು, ಒಂದು ದಫ್ತರದಲ್ಲಿ ಹೆಸರಿನ ಮುಂದೆ ಸಾಲಾಗಿ ಇಟ್ಟುಕೊಂಡು ಹೋಗಲು ದ್ರವ ಸಾರಜನಕ ಬೇಡ. ಬೀದಿ ಬೀದಿಯ ಪ್ರಯೋಗಾಲಯದಲ್ಲಿ ನಡೆಯುವ ಪರೀಕ್ಷೆ ಅದು. ಟೈರು ಬಿಟ್ಟು ಹೊಟ್ಟಿಗೆ ಮರಳಿದ ಭಟ್ಟಿಯವರ ಸಾಲು ಹೇಗೆ ಬದಲಾಗುತ್ತದೆ ಎಂಬುದೂ ಅದೇ ದಫ್ತರದಲ್ಲಿ ಕಾಣುತ್ತದೆ.

ಹಿಂದಿನ ಸಲ ಊರಿಗೆ ಹೋದಾಗ, ಚಿಕ್ಕಂದಿನಿಂದ ನಮಗೆ ಮಂಡಕ್ಕಿ ಕೊಡುತ್ತಿದ್ದ ಚಾಚಾ ಅವರ ಮನೆಯಲ್ಲಿ ಕೂತಿದ್ದೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತವರು. ಯಾವತ್ತಾದರೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದೆ. "ಡೆಂಗಿ ಬಂದಾಗ ಮಾಡಿಸಿದ್ದೆ ಬೇಟಾ" ಎನ್ನುತ್ತ ಅಟ್ಟದಿಂದ ಪ್ಲಾಸ್ಟಿಕ್ ಚೀಲವೊಂದನ್ನು ಇಳಿಸಿದರು. ರೇಷನ್ ಕಾರ್ಡು, ಕರೆಂಟ್ ಬಿಲ್ಲುಗಳ ನಡುವೆ ನಾಲ್ಕು ಮಡಿಕೆಯ ಚೀಟಿ. ಪ್ಲೇಟ್‌ಲೆಟ್ ಸಂಖ್ಯೆಯ ಸುತ್ತ ಯಾರೋ ಕೆಂಪು ಪೆನ್ನಿನಿಂದ ಗುಂಡಗೆ ಗೆರೆ ಎಳೆದಿದ್ದರು. ಅದರ ಮೇಲಿನ ಸಾಲಿನಲ್ಲಿ ಬಿಳಿ ಕಣಗಳ ಸಂಖ್ಯೆ, ತೀರ ಕಡಿಮೆ. ಡೆಂಗಿಯಲ್ಲೂ ಬಿಳಿ ಕಣ ಇಳಿಯುತ್ತದೆ. ಇದು ಡೆಂಗಿಯ ಇಳಿಕೆಯೋ ಮೂವತ್ತು ವರ್ಷದ ಹೊಗೆಯದೋ ಎಂದು ತಿಳಿಯಲು ಅದರ ಹಿಂದಿನದೊಂದು, ಮುಂದಿನದೊಂದು ಚೀಟಿ ಬೇಕಿತ್ತು.

"ಕಾಯಿಲೆ ವಾಸಿಯಾಗಿ ಎಷ್ಟೋ ಕಾಲವಾಯಿತು. ಇದನ್ನು ಬಿಸಾಕಲೇ?" ಎಂದು ಕೇಳಿದರು.

"ಬೇಡ ಚಾಚಾ, ಇಟ್ಟುಕೊಳ್ಳಿ" ಎಂದೆ. ಮರುದಿನ ಬೆಳಿಗ್ಗೆ ಅವರನ್ನು ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಸಂಜೆ ಬಂದ ಹೊಸ ಚೀಟಿಯನ್ನು ಹಳೆಯದರ ಜೊತೆ ಪಿನ್ ಮಾಡಿ, ಮೇಲೆ ತಾರೀಖು ಬರೆದು, ಅದೇ ಚೀಲಕ್ಕೆ ಹಾಕಿದೆವು.