ಕೆಜಿಎಫ್ ಎಂದರೆ ಬರೀ ರಾಕಿ ಭಾಯ್ ಊರಲ್ಲ

ಯಾವ ಊರು ಎಂದು ಯಾರಾದರೂ ಕೇಳಿದರೆ ಈಗ ಉತ್ತರ ಹೇಳುವುದಕ್ಕೇ ಬೇಸರ. ಕೆಜಿಎಫ್, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್ ಎಂದು ಬಾಯಿ ಬಿಟ್ಟರೆ ಸಾಕು, "ಓಹೋ, ರಾಕಿ ಭಾಯ್ ಊರು!" ನಿನ್ನೆಯೂ ಅದೇ ಆಯಿತು. ಕಚೇರಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ, "ಅಲ್ಲಿ ಗಣಿಯನ್ನು ರೌಡಿಗಳೇ ನಡೆಸುತ್ತಿದ್ದರಂತೆ, ಹೌದೇ?" ಎಂದು ಕೇಳಿದ. ಗೇಲಿ ಮಾಡಲು ಕೇಳಿದ್ದಲ್ಲ, ನಿಜವೆಂದೇ ನಂಬಿಕೊಂಡಿದ್ದ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ರಾಕಿ ಭಾಯ್ ನಾಯಕನಾಗಿರುವ ಆ 'ಕೆಜಿಎಫ್' ಸಿನಿಮಾದ ವೈರಿ ನಾನಲ್ಲ. 2018ರ ಡಿಸೆಂಬರಿನಲ್ಲಿ ಮೊದಲ ಭಾಗವನ್ನು ಎರಡು ಸಲ ನೋಡಿದೆ, 2022ರ ಏಪ್ರಿಲ್‌ನಲ್ಲಿ ಎರಡನೆಯದಕ್ಕೆ ಮೊದಲ ದಿನವೇ ಹೋದೆ. ಭುವನ್ ಗೌಡರ ಕ್ಯಾಮೆರಾ ಮಸಿಯನ್ನೂ ಬೆಂಕಿಯನ್ನೂ ಹಿಡಿದ ರೀತಿ, ರವಿ ಬಸ್ರೂರರ ಸಂಗೀತ ಎದೆಗೆ ಗುದ್ದುವ ರೀತಿ, ಇವನ್ನು ಯಾರು ಅಲ್ಲಗಳೆಯುತ್ತಾರೆ? ಮಗುವನ್ನು ಎತ್ತಿಕೊಂಡ ಹೆಂಗಸಿನ ಕೈಯಿಂದ ಜಾರಿದ ಬನ್ನಿಗಾಗಿ ನಾಯಕ ಮುಂಬೈಯ ರಸ್ತೆಯನ್ನೇ ನಿಲ್ಲಿಸುವ ದೃಶ್ಯದಲ್ಲಿ ನನ್ನ ಕಣ್ಣೂ ಒದ್ದೆಯಾಗಿತ್ತು. ಕನ್ನಡ ಚಿತ್ರವೊಂದಕ್ಕೆ ದೇಶವೇ ಸಾಲುಗಟ್ಟಿ ನಿಂತದ್ದು ಹೆಮ್ಮೆಯ ಮಾತೇ.

ಅತಿರೇಕಕ್ಕೂ ನನ್ನ ತಕರಾರು ಕಡಿಮೆ. 'ದೊಡ್ಡಮ್ಮ' ಎಂಬ ಬಂದೂಕಿನಿಂದ ಪೊಲೀಸ್ ಠಾಣೆಯನ್ನು ಜರಡಿ ಮಾಡಿ, ಕೆಂಪಗೆ ಕಾದ ನಳಿಗೆಯಲ್ಲಿ ಸಿಗರೇಟು ಹೊತ್ತಿಸಿಕೊಳ್ಳಲಿ, ನೋಡೋಣ. ಸಂಸತ್ತಿಗೆ ನುಗ್ಗಿ ಪ್ರಧಾನಿಯ ಕಣ್ಣೆದುರೇ ಒಬ್ಬನನ್ನು ಗುಂಡಿಟ್ಟು ಕೊಲ್ಲುವುದು ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಮಾಸ್ ಸಿನಿಮಾ, ಹೋಗಲಿ ಬಿಡಿ.

ಬಿಡಲಾಗದ್ದು ಒಂದೇ. ಅಷ್ಟು ಕೋಟಿ ಸುರಿದು ಕಟ್ಟಿದ ಚಿನ್ನದ ಗಣಿಯ ಕಥೆಯಲ್ಲಿ ನಮ್ಮ ಗಣಿಯೇ ಇಲ್ಲ! ಚಾಟಿಯಿದೆ, ಸರಪಳಿಯಿದೆ, ಕೋಟೆಯಿದೆ. ನಮ್ಮ ತಾತ ಇಳಿಯುತ್ತಿದ್ದ ಆಳ ಎಲ್ಲಿದೆ? ಅವರು ದುಡಿದದ್ದು ಚಾಂಪಿಯನ್ ರೀಫ್‌ನಲ್ಲಿ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದು. ಗಣಿಯ ಲಿಫ್ಟಿಗೆ ಕೇಜು ಎನ್ನುತ್ತಾರೆ; ಒಂದೇ ಕೇಜಿನಲ್ಲಿ ತಳ ಮುಟ್ಟುವಂತಿರಲಿಲ್ಲ, ನಡುವೆ ಇಳಿದು ಇನ್ನೊಂದನ್ನು ಹತ್ತಬೇಕಿತ್ತು. ಕೆಳಗೆ ಬಂಡೆಯ ಕಾವು ಅರವತ್ತು ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿದರೆ ಒಳಗಿದ್ದವರ ಕಥೆ ಮುಗಿದಂತೆಯೇ. ಮೇಲೆ ಊರಿನ ಗೋಡೆಗಳೂ ನಡುಗುತ್ತಿದ್ದವು. ಆ ಸದ್ದು ಕೇಳಿದ ಕೂಡಲೇ ಅಜ್ಜಿ ಒಲೆಯ ಮೇಲಿನ ಮುದ್ದೆಯ ಎಸರನ್ನು ಹಾಗೆಯೇ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಕಡೆಗೆ ಓಡುತ್ತಿದ್ದರಂತೆ. ಇದಕ್ಕಿಂತ ದೊಡ್ಡ ರೋಮಾಂಚನ ಯಾವ ಬಂದೂಕಿನಲ್ಲಿದೆ?

ಇನ್ನೊಂದು ನೋವು ಇದಕ್ಕಿಂತ ದೊಡ್ಡದು. ಸಿನಿಮಾದ ಕಾರ್ಮಿಕರು ತಲೆ ತಗ್ಗಿಸಿ, ಯಾರೋ ಒಬ್ಬ ಬಂದು ತಮ್ಮನ್ನು ಕಾಪಾಡಲೆಂದು ಕಾಯುತ್ತಾರೆ. ನಿಜವಾದ ಕೋಲಾರದ ಗಣಿ ಕಾರ್ಮಿಕರು ಯಾವ ರಾಕಿಗೂ ಕಾಯಲಿಲ್ಲ. 1930ರಲ್ಲಿ, ಬ್ರಿಟಿಷ್ ಕಂಪನಿಯ ಕಾಲದಲ್ಲಿ, ತಮ್ಮ ಬೆರಳಚ್ಚು ತೆಗೆದುಕೊಳ್ಳುವುದನ್ನು ವಿರೋಧಿಸಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಅವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಅಂಥವರ ಮಕ್ಕಳು ಮೊಮ್ಮಕ್ಕಳನ್ನು ತೆರೆಯ ಮೇಲೆ ಹೆಸರಿಲ್ಲದ ಗುಂಪಾಗಿ ನಿಲ್ಲಿಸಿದರೆ ಸಿಟ್ಟು ಬಾರದೆ ಇರುತ್ತದೆಯೇ?

ಇಷ್ಟು ಹೇಳಿದರೆ ಸಿದ್ಧ ಉತ್ತರ: "ಸಿನಿಮಾದಲ್ಲಿ ಲಾಜಿಕ್ ಹುಡುಕಬೇಡಿ." ಸ್ವಾಮಿ, ನಾನು ಕೇಳುತ್ತಿರುವುದು ಲಾಜಿಕ್ ಅಲ್ಲ. ಕಾಲ್ಪನಿಕ ಕಥೆ ಎಂದು ಮೊದಲೇ ಬರೆದು ತೋರಿಸಿದರಾಯಿತೇ? ಹೆಸರು ಮಾತ್ರ ನಮ್ಮ ಊರಿನದೇ ಬೇಕಾಗಿತ್ತಲ್ಲ. ಸೆಟ್ ಹಾಕಲು ನಮ್ಮ ಸಯನೈಡ್ ದಿಬ್ಬಗಳೂ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಗುಡ್ಡೆಗಳೂ ಬೇಕಾದವು. ಆ ದಿಬ್ಬಗಳ ಧೂಳು ಗಾಳಿ ಎದ್ದಾಗ ಈಗಲೂ ಒಣಗಲು ಹಾಕಿದ ಬಟ್ಟೆಯ ಮೇಲೆ, ತೆರೆದಿಟ್ಟ ಅನ್ನದ ಮೇಲೆ ಬಂದು ಕೂರುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಊರಿನ ಅರ್ಧ ಜನ ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಸೀಟು ಸಿಗದೆ ಬಾಗಿಲಲ್ಲಿ ಜೋತುಬಿದ್ದು ಹೋಗುವವರಲ್ಲಿ ನಾನೂ ಒಬ್ಬ.

ಆ ಹುಡುಗನಿಗೆ ನಿನ್ನೆ ಇದನ್ನೆಲ್ಲ ಹೇಳಿದೆ. ಅರ್ಧ ಗಂಟೆ ಕೇಳಿಸಿಕೊಂಡು, "ಸರ್, ಮೂರನೇ ಭಾಗ ಯಾವಾಗ ಬರುತ್ತದೆ?" ಎಂದ.