ಡೊಳ್ಳು ಸಿಗಲಿಲ್ವಾ?

ದಾವಣಗೆರೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಡೊಳ್ಳಿನ ಸದ್ದು ತಯಾರಿಸುತ್ತೇನೆ ಅಂದರೆ ಎದುರಿಗಿದ್ದವರು ಕೇಳುವುದು ಒಂದೇ ಮಾತು: ‘ಯಾಕ್ರಿ, ಡೊಳ್ಳು ಸಿಗಲಿಲ್ವಾ?’ ನ್ಯಾಯವಾದ ಪ್ರಶ್ನೆಯೇ. ದುಗ್ಗಮ್ಮನ ಜಾತ್ರೆಯ ಊರಿನಲ್ಲಿ ಡೊಳ್ಳಿಗೇನು ಬರವೇ? ನಮ್ಮ ಓಣಿಯಲ್ಲೇ ಡೊಳ್ಳಿನಜ್ಜ ಇದ್ದಾರೆ. ಕರೆದರೆ ಚಾ ಕುಡಿದು, ಬಾರಿಸಿ, ಇನ್ನೊಂದು ಚಾ ಕುಡಿದು ಹೋಗುತ್ತಾರೆ.

ಆದರೆ ಗೆಳೆಯನಿಗೆ ಬೇಕಾಗಿದ್ದದ್ದು ಆ ಡೊಳ್ಳಲ್ಲ. ಅವನದು ಮಂಡಕ್ಕಿ-ಮಿರ್ಚಿ ಅಂಗಡಿ. ಜಾಹೀರಾತಿಗೆಂದು ಪುಟ್ಟ ವಿಡಿಯೊ ಮಾಡಿಸಿದ್ದ. ಹಿಟ್ಟಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಡೊಳ್ಳಿನ ಪೆಟ್ಟು ಬೀಳಬೇಕು, ‘ಆದ್ರೆ ಸ್ವಲ್ಪ ಮಾಡರ್ನ್ ಆಗಿರ್ಲಿ ಮಾರಾಯ, 808 ತರ’. ಈ 808 ಎಲ್ಲಿಂದ ಕಲಿತನೋ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಡ್ರಮ್ ಪೆಟ್ಟಿಗೆ ಅದು, ಟಿಆರ್-808. ನಿಜವಾದ ಡ್ರಮ್ಮಿನ ಹಾಗೆ ಕೇಳಿಸೋದೇ ಇಲ್ಲ ಎಂದು ಆಗ ಮೂಗು ಮುರಿದವರೇ ಹೆಚ್ಚು. 1983ಕ್ಕೆ ತಯಾರಿಕೆಯೂ ನಿಂತಿತು. ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಕೊಂಡ ಹುಡುಗರು ಅದರಲ್ಲೇ ಹಿಪ್‌ಹಾಪ್ ಬಾರಿಸಿ ಜಗತ್ತನ್ನು ಗೆದ್ದರು. ಈಗ ಅದು ನಮ್ಮೂರಿನ ಮಿರ್ಚಿ ಬಾಣಲೆಯವರೆಗೂ ಬಂದಿದೆ.

ಸಿಂಥ್‌ನಲ್ಲಿ, ಅಂದರೆ ವಿದ್ಯುತ್ ತರಂಗಗಳಿಂದ ಸದ್ದು ಕಟ್ಟುವ ಸಿಂಥಸೈಜರಿನಲ್ಲಿ, ಡ್ರಮ್ಮು ಹುಟ್ಟಿಸುವುದು ಹೇಳಲಿಕ್ಕೆ ಬಹಳ ಸುಲಭ. ಒಂದು ಸೈನ್ ತರಂಗ (ಒಂದೇ ಶ್ರುತಿಯ ನುಣುಪು ಸದ್ದು) ತಗೊಂಡು ಅದರ ಶ್ರುತಿಯನ್ನು 300 ಹರ್ಟ್ಸ್‌ನಿಂದ, ಅಂದರೆ ಸೆಕೆಂಡಿಗೆ 300 ಕಂಪನದಿಂದ, 50ಕ್ಕೆ ಸರ್ರನೆ ಜಾರಿಸಬೇಕು. ಎಷ್ಟು ಬೇಗ ಜಾರಬೇಕು ಎಂದು ನಿರ್ಧರಿಸುವುದು ಎನ್ವಲಪ್ ಎಂಬ ಗೆರೆ. 50 ಮಿಲಿಸೆಕೆಂಡಿನಲ್ಲಿ ಜಾರಿದರೆ ‘ಧಪ್’. 10ರಲ್ಲಿ ಜಾರಿದರೆ ‘ಟಪ್’. 300 ಮಿಲಿಸೆಕೆಂಡಿಗೆ ಎಳೆದರೆ ‘ಡಿಯೂಂ’ ಎಂದು ಹಳೇ ವಿಡಿಯೊ ಗೇಮಿನ ಬಂದೂಕು. ನಾನು ಬಳಸುವುದು ವೈಟಲ್ ಎಂಬ ಸಿಂಥ್, ಪುಕ್ಕಟೆ ಸಿಗುತ್ತದೆ. ಗೆರೆಯನ್ನು ಮೌಸಿನಲ್ಲಿ ಹಿಡಿದು ಬಗ್ಗಿಸುತ್ತಾ ಕೂತರೆ ಊಟದ ಹೊತ್ತು ಮೀರಿದ್ದೂ ತಿಳಿಯುವುದಿಲ್ಲ.

ತೊಂದರೆ ಏನೆಂದರೆ, ಲ್ಯಾಪ್‌ಟಾಪಿನ ಸ್ಪೀಕರಿಗೆ 50 ಹರ್ಟ್ಸ್ ಎಂಬುದರ ಹೆಸರು ಗೊತ್ತು, ಮುಖಪರಿಚಯ ಇಲ್ಲ. ಪರದೆಯ ಮೇಲೆ ಮೀಟರ್ ಕೆಂಪಾಗುತ್ತದೆ, ಕಿವಿಗೆ ಬೀಳುವುದು ಬರೀ ‘ಚಿಕ್’. ಹಾಗಾಗಿ ವೈರನ್ನು ಹಾಲ್‌ನ ಹೋಮ್ ಥಿಯೇಟರಿಗೆ ಚುಚ್ಚಿದೆ. ಅದರ ವೂಫರ್ ಕೂತಿರುವುದು ಅಡುಗೆಮನೆ ಗೋಡೆಗೆ ಆತು, ಗೋಡೆಯ ಆಚೆ ಬದಿಗೆ ಸ್ಟೀಲ್ ಪಾತ್ರೆಯ ಸ್ಟ್ಯಾಂಡು. ಹಿಂದಿನ ರಾತ್ರಿ ಭಾವ ಕ್ರಿಕೆಟ್ ನೋಡಲು ಪೂರ್ತಿ ತಿರುಗಿಸಿದ ವಾಲ್ಯೂಮು ತಿರುಗಿಸಿದಲ್ಲೇ ಇತ್ತು.

ಮೊದಲ ಪೆಟ್ಟಿಗೆ ಒಳಗಿಂದ ಅಮ್ಮನ ದನಿ: ‘ಏನೋ ಅದು, ಗೂಡ್ಸ್ ಗಾಡಿ ಓಣಿಯೊಳಗೇ ಬಂತಾ?’ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಕಾದು ಕಾದು ಈ ಊರಿನವರಿಗೆ ನೆಲ ನಡುಗಿದರೆ ಗೂಡ್ಸೇ ನೆನಪಾಗುವುದು. ಪರೀಕ್ಷೆಗೆಂದು ಶ್ರುತಿ ಜಾರುವುದನ್ನು ಇನ್ನೂ ನಿಧಾನ ಮಾಡಿದೆ. ಆಗ ಒಂದು ಚಂದ ಕಂಡಿತು. ಮೇಲಿನ ಶ್ರುತಿಗೆ ಸಣ್ಣ ಲೋಟಗಳು ಝಿಣಿಝಿಣಿ ಎಂದವು. ಕೆಳಗಿಳಿದಂತೆ ಲೋಟ ಸುಮ್ಮನಾಗಿ ಒಗ್ಗರಣೆ ಡಬ್ಬಿಯ ಮುಚ್ಚಳ ಹಿಡಿದುಕೊಂಡಿತು. ತಳಕ್ಕೆ ಬಂದಾಗ ದೊಡ್ಡ ಹರಿವಾಣ ಬುರ್‌ರ್ ಎಂದು ನಡುಗುತ್ತಾ ಅಂಚಿನವರೆಗೂ ನಡೆದುಬಂದು, ಕೆಳಗೆ ನೆನೆಹಾಕಿದ್ದ ದೋಸೆ ಅಕ್ಕಿಯ ಪಾತ್ರೆಗೆ ಹಾರಿತು. ಅನುರಣನದ ಪಾಠವನ್ನು ನನ್ನ ಕಾಲೇಜಿನಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಮಾಡಿರಲಿಲ್ಲ. ಅಕ್ಕಿ ಗುಡಿಸಿದ್ದು ಭಾವ. ಅಮ್ಮನ ತೀರ್ಪು ಹಾಗಿತ್ತು.

ಇಷ್ಟಾಗಿಯೂ ಅದು ಡೊಳ್ಳಾಗಿರಲಿಲ್ಲ. ತಂತಿ ಮಿಡಿದರೆ ಮೂಲ ಶ್ರುತಿಯ ಜೊತೆಗೇ ಮೇಲ್ಸ್ವರಗಳೂ ಏಳುತ್ತವೆ; ಮೂಲವನ್ನು 1 ಎಂದರೆ ಅವು 1, 2, 3, 4 ಪಟ್ಟು ಎಂದು ಸಾಲಾಗಿ ಬರುತ್ತವೆ. ಬಿಗಿದ ತೊಗಲಿನವು 1, 1.59, 2.14, 2.30 ಎಂದು ಒಂದಕ್ಕೊಂದು ಮಾತು ಬಿಟ್ಟಂತೆ ನಿಲ್ಲುತ್ತವೆ. ಮೃದಂಗ, ತಬಲಾಗಳ ಕಪ್ಪು ಕರಣೆ ಇವನ್ನೂ ಸಾಲಿಗೆ ತರುತ್ತದೆ ಎಂದು ಸಿ.ವಿ. ರಾಮನ್ ಮತ್ತು ಅವರ ಜೊತೆಗಾರರು 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದಾರೆ, ನೊಬೆಲ್ ಬರುವುದಕ್ಕೆ ಹತ್ತು ವರ್ಷ ಮೊದಲು. ನಾನು ಸಿಂಥ್‌ನಲ್ಲಿ ತರಂಗ ಹುಟ್ಟಿಸುವ ಆಸಿಲೇಟರುಗಳನ್ನು ಆ ಅಡ್ಡಾದಿಡ್ಡಿ ಲೆಕ್ಕಕ್ಕೇ ಕೂರಿಸಿ, ಕೋಲಿನ ಪೆಟ್ಟಿಗೆ ಚೂರು ನಾಯ್ಸ್, ಅಂದರೆ ಶ್ರುತಿಯಿಲ್ಲದ ‘ಶ್’ ಸದ್ದು, ಬೆರೆಸಿದೆ. ತೊಗಲಿನ ವಾಸನೆ ಬರತೊಡಗಿತು.

ಆದರೆ ಯಂತ್ರ ಪ್ರತಿ ಪೆಟ್ಟನ್ನೂ ತದ್ರೂಪು ಹೊಡೆಯುತ್ತದೆ. ಮನುಷ್ಯನ ಕೈ ಹಾಗಲ್ಲ. ಜೋರಾಗಿ ಹೊಡೆದರೆ ತೊಗಲು ಆ ಕ್ಷಣಕ್ಕೆ ಬಿಗಿದು ಶ್ರುತಿ ಕೂದಲೆಳೆಯಷ್ಟು ಏರುತ್ತದೆ. ಇದಕ್ಕೇ ಮಾಡ್ಯುಲೇಶನ್ ಬೇಕು, ಅಂದರೆ ಒಂದರ ಏರಿಳಿತಕ್ಕೆ ಇನ್ನೊಂದನ್ನು ಕುಣಿಸುವುದು. ಪೆಟ್ಟಿನ ಜೋರನ್ನು ಶ್ರುತಿಗೆ ಜೋಡಿಸಬೇಕು, ನಾಯ್ಸಿಗೆ ಸ್ವಲ್ಪ ರ‍್ಯಾಂಡಮ್ ಹಚ್ಚಬೇಕು. ಎಲ್‌ಎಫ್‌ಒ ಅಂತಲೂ ಒಂದಿದೆ: ತೀರಾ ನಿಧಾನದ ತರಂಗ, ಅದರ ಸದ್ದು ನಮಗೆ ಕೇಳುವುದಿಲ್ಲ, ಉಳಿದವರನ್ನೆಲ್ಲ ಕುಣಿಸುವುದು ಅದೇ. ಬೀಗರ ಕಡೆ ಇಂಥವರೊಬ್ಬರು ಇದ್ದೇ ಇರುತ್ತಾರಲ್ಲ, ಮುಂದೆ ಬರದೆ ಮದುವೆಯನ್ನೇ ಅಲ್ಲಾಡಿಸುವವರು. ವೈಟಲ್‌ನಲ್ಲಿ ಈ ಎಲ್‌ಎಫ್‌ಒವನ್ನು ಮೌಸಿನಿಂದ ಎಳೆದು ಯಾವ ಗುಂಡಿಯ ಮೇಲೆ ಬಿಟ್ಟರೂ ಅದರ ಸುತ್ತ ಗೆರೆಯಾಗಿ ಅಂಟಿಕೊಳ್ಳುತ್ತದೆ. ನಾನು ಚಾ ತರಲು ಎದ್ದುಹೋದಾಗ ಅಕ್ಕನ ಮಗಳು ಅದನ್ನು ಪರದೆಯಲ್ಲಿ ಕಂಡ ಗುಂಡಿಗಳಿಗೆಲ್ಲ ಹಂಚಿದ್ದಳು. ‘ಮಾಮಾ, ಎಲ್ಲಾದಕ್ಕೂ ಬಳೆ ಹಾಕ್ದೆ ನೋಡು!’ ಡೊಳ್ಳು ಒಮ್ಮೆ ಬಾವಿಯೊಳಗಿಂದ, ಒಮ್ಮೆ ಅಟ್ಟದ ಮೇಲಿಂದ ಕೇಳಿಸತೊಡಗಿತು.

ಡೊಳ್ಳಿನಜ್ಜ ಬಂದದ್ದು ಸರಿಯಾಗಿ ಅದೇ ಹೊತ್ತಿಗೆ. ಕಣ್ಣು ಮುಚ್ಚಿ ಕೇಳಿದರು. ‘ತೊಗಲಿಗೆ ತಂಡಿ ಹಿಡದೈತಲ್ಲೋ ತಮ್ಮಾ.’

ಬಳೆಗಳನ್ನೆಲ್ಲ ಬಿಚ್ಚಿ ಮತ್ತೆ ಕೇಳಿಸಿದೆ.

‘ಈಗ ಪರವಾಗಿಲ್ಲ. ಆದ್ರೆ ಇವನ್ಯಾರೋ ಒಂಟಿಗೈಯವ. ಎಡಗೈ ಎಲ್ಲೈತೆ?’

ಡೊಳ್ಳಿನ ಒಂದು ಬದಿಗೆ ಕೋಲು, ಇನ್ನೊಂದಕ್ಕೆ ಬರಿಗೈ. ಅಜ್ಜ ನನ್ನ ಟೇಬಲ್ಲಿನ ಮೇಲೇ ತೋರಿಸಿದರು. ಅಂಗೈಯ ಬುಡ ಹಲಗೆ ಬಿಟ್ಟು ಏಳಲೇ ಇಲ್ಲ, ಬೆರಳು ಮಾತ್ರ ಎದ್ದು ಬಿದ್ದವು. ಸದ್ದು ಹುಟ್ಟಿದಲ್ಲೇ ಅದುಮಿಹೋಗುತ್ತಿತ್ತು. ಅಂದರೆ ಡಿಕೇ (ಸದ್ದು ಆರುವ ಹೊತ್ತು) ಗಿಡ್ಡ, ಮೇಲಿನ ಶ್ರುತಿಗಳನ್ನು ತಡೆಯುವ ಫಿಲ್ಟರ್ ಮುಚ್ಚಿದ್ದು, ನಾಯ್ಸ್ ಸೊನ್ನೆ. ಅವರು ಬಾರಿಸುತ್ತಾ ಹೋದರು, ನಾನು ಸಿಂಥ್‌ನಲ್ಲಿ ಎರಡನೇ ಪ್ಯಾಚು, ಅಂದರೆ ಎಡಗೈಯ ಸದ್ದು, ಕಟ್ಟುತ್ತಾ ಹೋದೆ. ಎರಡನ್ನೂ ಕೂಡಿಸಿ ನುಡಿಸಿದಾಗ ಅಜ್ಜನ ಕಾಲು ತಾನಾಗಿ ಅಲ್ಲಾಡಿತು. ನನಗೆ ಅಷ್ಟು ಸಾಕಾಗಿತ್ತು.

ಗೆಳೆಯ ಕೊನೆಗೆ ಡೊಳ್ಳನ್ನು ತಗ್ಗಿಸಿ ಎಣ್ಣೆಯ ಚೊರ್ ಸದ್ದನ್ನೇ ಏರಿಸಿಕೊಂಡ, ಅದನ್ನು ಕೇಳಿದರೆ ಬಾಯಲ್ಲಿ ನೀರೂರುತ್ತದಂತೆ. ವ್ಯಾಪಾರಸ್ಥ. ಡೊಳ್ಳು ಬೇಕೆಂದವರು ಅಜ್ಜ ಒಬ್ಬರೇ, ಮೊಬೈಲಿನ ರಿಂಗ್‌ಟೋನಿಗೆ. ಅಲ್ಲಿ ಮತ್ತದೇ ರಗಳೆ, ಫೋನಿನ ಪುಟ್ಟ ಸ್ಪೀಕರಿನಲ್ಲಿ ತಳದ ಸದ್ದೇ ಇಲ್ಲ. ಅದಕ್ಕೆ ಕಿವಿಯನ್ನೇ ಯಾಮಾರಿಸುವ ಉಪಾಯ ಒಂದಿದೆ. ಸದ್ದನ್ನು ಸ್ವಲ್ಪ ಒಡೆಸಿ 100, 150, 200 ಹರ್ಟ್ಸ್‌ನ ಮೇಲ್ಸ್ವರಗಳನ್ನು ಹುಟ್ಟಿಸಿದರೆ, ಕೇಳದ 50ನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಮಾಡಿಕೊಟ್ಟೆ. ಅಜ್ಜನ ಜೇಬಿನಲ್ಲಿ ಡೊಳ್ಳು ಮೊಳಗಿತು.

ಈಗ ಅಜ್ಜ ಫೋನೇ ಎತ್ತುವುದಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು ತಾಳ ಹಾಕುತ್ತಾ ಪೂರ್ತಿ ಕೇಳುತ್ತಾರೆ. ನಿಂತುಹೋದರೆ ‘ಇನ್ನೊಂದ್ಸಲ ಮಾಡ್ತಾನೆ ತಗಾ’ ಎಂದು ಕಾಯುತ್ತಾರೆ. ಬೆಂಗಳೂರಿನಲ್ಲಿರುವ ಅವರ ಮಗ ಈಚೆಗೆ ಅಪ್ಪನನ್ನು ಬಿಟ್ಟು ನನಗೇ ಫೋನ್ ಮಾಡುತ್ತಾನೆ: ‘ಅಣ್ಣಾ, ದಯವಿಟ್ಟು ಆ ಟ್ರಿಣ್ ಟ್ರಿಣ್‌ನೇ ವಾಪಸ್ ಹಾಕ್ಕೊಡಿ.’