ಕೂಸು ಮಲಗಿತು, ಹಾಜರಿ ಹೋಯಿತು

ನನ್ನ ತಂಗಿಯ ಮಗ ಏಳೇ ತಿಂಗಳಿಗೆ ಕ್ಲಾಸಿಗೆ ಚಕ್ಕರ್ ಹೊಡೆದ. ಅದೂ ಕ್ಲಾಸಿನಲ್ಲೇ ಇದ್ದುಕೊಂಡು, ಅವ್ವನ ಹೆಗಲ ಮೇಲೆ ಬಾಯಿ ತೆರೆದು ಮಲಗಿ.

ನಮ್ಮ ವಿಜಯಪುರದಲ್ಲಿ ಈಗ ಕೂಸುಗಳಿಗೂ ಟ್ಯೂಷನ್. ಬುದ್ಧಿ ಚುರುಕು ಮಾಡುತ್ತಾರಂತೆ. ವಾರಕ್ಕೆ ಮೂರು ದಿನ, ಮಧ್ಯಾಹ್ನ ಎರಡೂವರೆಗೆ. ಏಪ್ರಿಲ್ ಬಿಸಿಲು. ಆ ಹೊತ್ತಿಗೆ ಅಂಗಡಿಯವರು ಅರ್ಧ ಷಟರ್ ಎಳೆದು ಒಳಗೆ ಅಡ್ಡಾಗಿರುತ್ತಾರೆ. ಗೋಳಗುಮ್ಮಟದ ನೆರಳಲ್ಲಿ ಬಿದ್ದ ನಾಯಿಯೂ ಬೊಗಳುವುದಿಲ್ಲ. ಕೂಸುಗಳು ಮಾತ್ರ ಎಚ್ಚರ ಇರಬೇಕು.

ಮೇಡಂ ಕಾರ್ಡು ತೋರಿಸುತ್ತಾರೆ. ಜಿರಾಫೆ, ಐಫೆಲ್ ಗೋಪುರ, ಶನಿ ಗ್ರಹ. ಒಂದಕ್ಕೆ ಒಂದು ಸೆಕೆಂಡು. ಗೋಳಗುಮ್ಮಟ ಇಲ್ವಾ ಅಂದೆ. ಅದು ಸಿಲೆಬಸ್ಸಿನಲ್ಲಿ ಇಲ್ಲವಂತೆ.

ಮೂಲೆಯ ಸ್ಪೀಕರಿನಲ್ಲಿ ಮೊಜಾರ್ಟ್, ಹಳೇ ಕಾಲದ ಯುರೋಪಿನ ಸಂಗೀತಗಾರ. ಅವನ ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದಂತೆ. ಈ ನಂಬಿಕೆಯ ಮೂಲ 1993ರ ಒಂದು ಸಣ್ಣ ಪ್ರಯೋಗ. ಅಲ್ಲಿ ಸಂಗೀತ ಕೇಳಿದವರು 36 ಕಾಲೇಜು ವಿದ್ಯಾರ್ಥಿಗಳು, ಒಂದು ಕೂಸೂ ಇರಲಿಲ್ಲ. ಬುದ್ಧಿ ಚುರುಕಾದದ್ದೂ ಹತ್ತು ಹದಿನೈದು ನಿಮಿಷ, ಆಮೇಲೆ ಇಳಿದುಹೋಯಿತು. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಇಂಥ ಸಂಗೀತ ಕೊಡಲು 1,05,000 ಡಾಲರ್ ಕೇಳಿದ್ದರು. ಹಾಗಾಗಿ ನಮ್ಮವರನ್ನು ಮಾತ್ರ ಬಯ್ಯಬೇಡಿ.

ಶನಿ ಗ್ರಹ ಬಂದಾಗ ನಮ್ಮ ಕೂಸಿನ ಕಣ್ಣು ಮುಚ್ಚಿತು.

"ಎಬ್ಬಸ್ರಿ, ಇಂಪಾರ್ಟೆಂಟ್ ಪೋರ್ಷನ್ ಹೊಂಟದ," ಅಂದರು ಮೇಡಂ.

ತಂಗಿ ಒದ್ದೆ ಕರ್ಚೀಫಿನಿಂದ ಮುಖ ಒರೆಸಿದಳು. ಅದು ಒಮ್ಮೆ ಕಣ್ಣು ಬಿಟ್ಟಿತು. ಕೈಗೆ ಸಿಕ್ಕ ಕಾರ್ಡಿನ ಮೂಲೆ ಬಾಯಿಗೆ ಇಟ್ಟಿತು. ಶನಿಯ ಬಳೆ ಜೊಲ್ಲಿನಲ್ಲಿ ನೆನೆದು ಮೆತ್ತಗಾಯಿತು. ಮತ್ತೆ ನಿದ್ದೆ.

ತಮಾಷೆ ಇರುವುದೇ ಇಲ್ಲಿ. 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 6 ಮತ್ತು 12 ತಿಂಗಳ ಕೂಸುಗಳಿಗೆ ಒಂದು ಗೊಂಬೆ ತೋರಿಸಿದರು. ಗೊಂಬೆಯ ಕೈಗವಸು ಕಳಚುವುದು, ಒಳಗಿನ ಗಂಟೆ ಅಲ್ಲಾಡಿಸುವುದು, ಇಷ್ಟೇ ಪಾಠ. ಪಾಠ ಆಗಿ ನಾಲ್ಕು ತಾಸಿನೊಳಗೆ ಅರ್ಧ ತಾಸಾದರೂ ಮಲಗಿದ ಕೂಸುಗಳು ಅದನ್ನು ನೆನಪಿಟ್ಟು ಮಾಡಿದವು. ಮಲಗದವು ಅಂಥ ಗೊಂಬೆಯನ್ನೇ ನೋಡಿಲ್ಲದವರ ಹಾಗೆ ಸುಮ್ನೆ ಕೂತವು. ಅಂದರೆ ಈ ಕ್ಲಾಸಿನಲ್ಲಿ ನಾವು ದುಡ್ಡು ಕೊಟ್ಟು ಕಲಿಕೆಯನ್ನು ತಟ್ಟಿ ತಟ್ಟಿ ಎಬ್ಬಿಸುತ್ತಿದ್ದೇವೆ.

ನಾಲ್ಕರಿಂದ ಹನ್ನೆರಡು ತಿಂಗಳ ಕೂಸಿಗೆ ದಿನಕ್ಕೆ 12ರಿಂದ 16 ತಾಸು ನಿದ್ದೆ ಬೇಕು ಅನ್ನುತ್ತಾರೆ ನಿದ್ರಾತಜ್ಞರು, ಹಗಲಿನ ಜೊಂಪೂ ಸೇರಿ. ಉಳಿದದ್ದರಲ್ಲಿ ಹಾಲು, ಎಣ್ಣೆನೀರು, ಉಚ್ಚೆ, ಅಳು. ಶನಿ ಗ್ರಹಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು?

ತಿಂಗಳ ಕೊನೆಗೆ ಪ್ರೋಗ್ರೆಸ್ ಕಾರ್ಡು ಬಂತು. ಗಮನ: ಕಡಿಮೆ. ನಿದ್ದೆ: ಬಹಳ ಜಾಸ್ತಿ. ಪೋಷಕರು ಗಮನಿಸುವುದು. ನಮ್ಮವ್ವ ಕನ್ನಡಕ ಹಾಕಿಕೊಂಡು ಓದಿ, "ನಿದ್ದ್ಯಾಗರ ಪಾಸ್ ಆಗ್ಯಾನಲ್ಲ ನನ ಬಂಗಾರ," ಅಂದು ತೊಟ್ಟಿಲ ಹಗ್ಗ ಎಳೆದಳು. ಮುಂಜಾನೆ ಎಣ್ಣೆ ಹಚ್ಚುವಾಗ "ಯಾರ ಬಡದಾರಪ್ಪ ನಿನಗ?" ಅಂತ ಅವಳು ಕೇಳುತ್ತಾಳೆ, ಅವನು "ಆಂ" ಅನ್ನುತ್ತಾನೆ, ಅವಳು "ಹೌದಾ?" ಅನ್ನುತ್ತಾಳೆ. ದಿನಾ ಕಾಲು ತಾಸು ಈ ಮಾತುಕತೆ. ಇದಕ್ಕೆ ಫೀಸಿಲ್ಲ, ಅದಕ್ಕೇ ಯಾರೂ ಬೋರ್ಡು ಹಾಕಿಲ್ಲ.

ನಿನ್ನೆ ಕ್ಲಾಸಿನಿಂದ ಫೋನು. ರಿವಿಜನ್ ಇದೆಯಂತೆ.

"ಮಲಗ್ಯಾನ್ರಿ," ಅಂದಳು ತಂಗಿ.

"ಇರ್ಲಿ ಬಿಡ್ರಿ. ಆಡಿಯೋ ಕಳಸ್ತೀವಿ. ಮಲಗಿದ್ದಾಗ ಕಿವಿ ಹತ್ರ ಹಚ್ಚಿಡ್ರಿ."